ಪಾತ್ರೆಗೆ ತುಂಬಿದ್ದು

ಜೂನ್ ೧೦, ಮಂಗಳವಾರ

ತಮ್ಮ ಬಂದ. ಕುಡಿತ ಬಿಡಿಸುವ ಆಸ್ಪತ್ರೆಯ ವ್ಯಾನಿನವನು ಅವನನ್ನು ನನ್ನ ಲಾಂಡ್ರಿಯ ಬಾಗಿಲಲ್ಲಿ ಇಳಿಸಿ, ಇನ್ನು ಒಡೆದರೆ ನಾವು ಹೊಣೆಯಲ್ಲ ಎಂಬ ಮುಖ ಮಾಡಿಕೊಂಡು ಹೋದ. ಕೈಯಲ್ಲೊಂದು ಚೀಲ, ನುಣ್ಣಗೆ ಬೋಳಿಸಿದ ಗಡ್ಡ, ಒಂದು ಸೈಜು ದೊಡ್ಡದಾದ ಅಂಗಿ.

"ಒಳಗೆ ಬರಲಾ, ಅಕ್ಕ?" ಎಂದ.

ಕುಡಿದಾಗ ಇದೇ ಬಾಗಿಲನ್ನು ಒದ್ದುಕೊಂಡು ಬರುತ್ತಿದ್ದ ಮಹಾರಾಯ. ಈಗ ಅಪ್ಪಣೆ ಬೇಕಂತೆ.

ಇವನ ಹೆಂಡತಿ ಮಗಳನ್ನು ಕರೆದುಕೊಂಡು ಹೋಗಿ ವರ್ಷಗಳಾದವು. ಸ್ನೇಹಿತರೆಲ್ಲ ಬಾಟಲಿ ಖಾಲಿಯಾಗುವ ತನಕದ ಸ್ನೇಹಿತರು. ಉಳಿದವಳು ನಾನೊಬ್ಬಳು. ಹಾಗಾಗಿ ಅಂಗಡಿಯ ಮಹಡಿಯಲ್ಲಿರುವ ಎರಡು ಕೋಣೆಗಳಲ್ಲಿ ಒಂದು ಅವನ ಪಾಲಾಯಿತು. ಪ್ರೀತಿ ಉಕ್ಕಿ ಹರಿದದ್ದಕ್ಕಲ್ಲ. ಬೀದಿಯಲ್ಲಿ ಬಿದ್ದರೆ ಜನ "ಲಾಂಡ್ರಿಯಮ್ಮನ ತಮ್ಮ" ಎನ್ನುತ್ತಾರೆ, ಅದಕ್ಕೆ.

ಅವನು ಕೈಕಾಲು ತೊಳೆಯಲು ಹೋದಾಗ ಅಡುಗೆಮನೆಯ ಬೀರುವಿಗೆ ಅಂಗಡಿಯ ಹಳೇ ಬೀಗ ಜಡಿದೆ. ಒಳಗಿರುವುದು ಚರ್ಚಿನ ಪ್ರಭುಭೋಜನಕ್ಕೆ ನಾನು ಮಾಡುವ ದ್ರಾಕ್ಷಾರಸ. ಅಮ್ಮ ಮಾಡುತ್ತಿದ್ದಳು, ಅವಳ ನಂತರ ನಾನು. ಕಪ್ಪು ದ್ರಾಕ್ಷಿ ಕಿವುಚಿ, ಜಾಡಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಹುಳಿತು ಬಂದಮೇಲೆ ಸೋಸಿ ಇಡುವುದು. ತಿಂಗಳ ಮೊದಲ ಭಾನುವಾರ ಒಂದು ಪಾತ್ರೆಗೆ ತುಂಬಿ ಕಳಿಸಿದರೆ ಇಡೀ ಸಭೆಗೆ ಒಂದೊಂದು ಗುಟುಕು. ಇವನ ಕೈಗೆ ಸಿಕ್ಕರೆ ಇವನೊಬ್ಬನಿಗೇ ಒಂದು ಮಧ್ಯಾಹ್ನ.

ಬೀಗದ ಕೈಯನ್ನು ಕತ್ತಿನ ಸರಕ್ಕೆ ಪೋಣಿಸಿಕೊಂಡೆ.

ಜೂನ್ ೧೪, ಶನಿವಾರ

ತಮ್ಮನನ್ನು ಇಸ್ತ್ರಿಗೆ ಹಚ್ಚಿದ್ದೇನೆ. ಬೆಳಗ್ಗೆ ಕೈ ನಡುಗುತ್ತದೆ, ಹತ್ತು ಗಂಟೆಯ ಮೇಲೆ ಪರವಾಗಿಲ್ಲ. ಹೋಟೆಲಿನ ಮೇಜುಬಟ್ಟೆಗಳಿಗೆ ಗಂಜಿ ಹಾಕಿ ಚೆನ್ನಾಗಿಯೇ ತೀಡಿದ. ಹೊಗಳಲಿಲ್ಲ. ಹೊಗಳಿದರೆ ತಲೆಯ ಮೇಲೆ ಹತ್ತಿ ಕೂರುವ ಜಾತಿ ಈ ಕುಡುಕರದ್ದು.

ಒಂದು ವಿಷಯ ಗಮನಿಸಿದೆ. ಕುಡಿಯುವುದನ್ನು ಬಿಟ್ಟವರು ಸಕ್ಕರೆ ತಿನ್ನುತ್ತಾರೆ. ಚಹಾಕ್ಕೆ ಐದು ಚಮಚ. ನಾಚಿಕೆ ಎಂಬುದು ಬೇಡವೆ!

ಜುಲೈ ೬, ಭಾನುವಾರ

ಅವನು ಚರ್ಚಿಗೆ ಬಂದ. ಕೊನೆಯ ಬೆಂಚು. ಎಲ್ಲರೂ ಎದ್ದು ಪೀಠದ ಮುಂದೆ ಮಂಡಿಯೂರಿ ಪಾತ್ರೆಯಿಂದ ಕುಡಿಯುವಾಗ ಅವನು ಕೂತು ತನ್ನ ಬೂಟು ನೋಡುತ್ತಿದ್ದ. ಅವನನ್ನು ಪ್ರಭುಭೋಜನದಿಂದ ಹೊರಗಿಟ್ಟಿದ್ದಾರೆ. ಸರಿಯಾಗೇ ಇಟ್ಟಿದ್ದಾರೆ. ಒಂದು ಭಾನುವಾರ ಕುಡಿದು ಬಂದು ಪೀಠದ ಮೆಟ್ಟಿಲ ಮೇಲೆ ವಾಂತಿ ಮಾಡಿದವನಿಗೆ ಹೂಮಾಲೆ ಹಾಕುತ್ತಾರೆಯೆ? ಆ ಮೆಟ್ಟಿಲಿನ ಹಾಸನ್ನು ತೊಳೆದವಳು ನಾನು.

ಆರಾಧನೆ ಮುಗಿದ ಮೇಲೆ ಹೆಡ್‌ಮಾಸ್ಟರು ನನ್ನನ್ನು ನಿಲ್ಲಿಸಿದರು. ನಮ್ಮ ಸಭೆಯ ಹಿರಿಯರಲ್ಲಿ ಹಿರಿಯರು. ಶಾಲೆಯಿಂದ ನಿವೃತ್ತರಾದರೂ ಊರಿಗೆಲ್ಲ ಇನ್ನೂ ಪಾಠ ಹೇಳುತ್ತಿರುವವರು. ಕಾಲರ್ ಯಾವತ್ತೂ ಬಿರುಸು, ಮಾತೂ ಹಾಗೇ.

"ರಸ ಈ ಸಲ ಸೊಗಸಾಗಿತ್ತಮ್ಮ. ಮುಂದಿನ ಸಲ ಪಾತ್ರೆ ತುಂಬ ಇರಲಿ, ಕಡಿಮೆ ಬೀಳಬಾರದು."

ಕಡಿಮೆ ಎಲ್ಲಿ ಬೀಳುತ್ತದೆ, ಪ್ರತಿ ಸಲ ಮಿಗುತ್ತದೆ. ಮಿಕ್ಕದ್ದನ್ನು ಚೆಲ್ಲಬಾರದು ಎಂಬುದು ನಮ್ಮ ಚರ್ಚಿನ ಪದ್ಧತಿ. ಪೀಠದ ಪಕ್ಕದ ಕೋಣೆಯಲ್ಲಿ ಹಿರಿಯರೇ ಕುಡಿದು ಪಾತ್ರೆ ಒರೆಸಿಡಬೇಕು. ಆ ಕೆಲಸವನ್ನು ಹೆಡ್‌ಮಾಸ್ಟರು ಬೇರೆಯವರಿಗೆ ಬಿಟ್ಟುಕೊಟ್ಟದ್ದೇ ಇಲ್ಲ. ಶಿಸ್ತು ಎಂದರೆ ಹಾಗಿರಬೇಕು. ತಮ್ಮನಿಗೆ ಮನೆಯಲ್ಲಿ ಅದನ್ನೇ ಹೇಳಿದೆ. ಅವನು ತಲೆ ತಗ್ಗಿಸಿ ಬ್ರೆಡ್ಡಿಗೆ ಸಕ್ಕರೆ ಉದುರಿಸಿಕೊಂಡ.

ಜುಲೈ ೧೩, ಭಾನುವಾರ

ತಮ್ಮನ ಮಗಳು ಬಂದಿದ್ದಳು. ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುತ್ತಾಳೆ. ಯಾರ ಜೊತೆ ಮಾತಾಡಿದರೂ ಕಣ್ಣು ಬಾಯಿಯ ಮೇಲೇ ಇರುತ್ತದೆ. ಮದುವೆ ನಿಶ್ಚಯವಾಗಿದೆ, ಸೆಪ್ಟೆಂಬರ್ ಇಪ್ಪತ್ತಕ್ಕೆ, ನಮ್ಮ ಚರ್ಚಿನಲ್ಲೇ.

"ಅಪ್ಪ, ನೀವು ನನ್ನ ಕೈ ಹಿಡ್ಕೊಂಡು ಪೀಠದ ತನಕ ಕರ್ಕೊಂಡು ಹೋಗ್ಬೇಕು," ಎಂದಳು. ಆಮೇಲೆ ಸ್ವಲ್ಪ ತಡೆದು, "ಅಮ್ಮ ಬೇಡ ಅಂದ್ಲು. ನಾನೇ ಬೇಕು ಅಂದೆ. ನನ್ನ ಮರ್ಯಾದೆ ಉಳಿಸ್ತೀರಲ್ವಾ?"

ನಾನೇ ಹೇಳಬೇಕಾಯಿತು. ಪ್ರಭುಭೋಜನದಿಂದ ಹೊರಗಿರುವವನು ಪೀಠದ ಹತ್ತಿರ ಹೋಗುವಂತಿಲ್ಲ. ಮೊದಲು ಸಭೆಯ ಮುಂದೆ ತಪ್ಪೊಪ್ಪಿಕೊಳ್ಳಬೇಕು, ಆಮೇಲೆ ಎಲ್ಲರ ಎದುರಿಗೆ ಅದೇ ಪಾತ್ರೆಯಿಂದ ಕುಡಿಯಬೇಕು. ಆಗ ಅವನು ಒಳಗಿನವನು.

"ಅಷ್ಟೇ ಅಲ್ವಾ ಅತ್ತೆ? ಒಂದು ಗುಟುಕು ತಾನೇ?" ಎಂದಳು ಹುಡುಗಿ.

ಅವಳು ಹೋದಮೇಲೆ ತಮ್ಮ ಒಂದೇ ಅಂಗಿಯನ್ನು ಮೂರು ಸಲ ಇಸ್ತ್ರಿ ಮಾಡಿದ. ಕರೆಂಟು ದಂಡ.

ಜುಲೈ ೧೭, ಗುರುವಾರ

ಹಿರಿಯರ ಸಭೆಗೆ ನನ್ನನ್ನೂ ಕರೆದಿದ್ದರು. ಹೊಸ ಪಾದ್ರಿ ಒಂದು ಹುಳ ಬಿಟ್ಟಿದ್ದಾನೆ. ಇನ್ನೂ ಮೀಸೆ ಸರಿಯಾಗಿ ಮೂಡಿಲ್ಲ, ಸುಧಾರಣೆ ಮೂಡಿಬಿಟ್ಟಿದೆ. ಹುಳಿಸದ ದ್ರಾಕ್ಷಿಯ ರಸವನ್ನೇ ಎಲ್ಲರಿಗೂ ಕೊಡಬಹುದಲ್ಲ ಎಂದ.

ಹೆಡ್‌ಮಾಸ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಯ್ಯನವರೇ, ಒಬ್ಬ ಕುಡುಕನಿಗೋಸ್ಕರ ಇಡೀ ಸಭೆ ಶರಬತ್ತು ಕುಡೀಬೇಕಾ? ದೇವರ ಮನೇಲಿ ಒಂದು ಗುಟುಕು ತಡ್ಕೊಳ್ಳಕ್ಕಾಗದೋನು ಗುಣ ಆಗಿದ್ದಾನೆ ಅಂತ ನಾವು ಹೇಗೆ ನಂಬೋದು?"

ನನ್ನ ಅಭಿಪ್ರಾಯ ಕೇಳಿದರು. "ನಮ್ಮಮ್ಮನ ಕಾಲದಿಂದ ಈ ಪಾತ್ರೆಗೆ ರಸ ತುಂಬಿದೆ, ಶರಬತ್ತು ತುಂಬಿಲ್ಲ. ಮಕ್ಕಳ ಪಾರ್ಟಿಗೆ ಬೇಕಾದರೆ ಮಾಡಿಕೊಡ್ತೀನಿ," ಎಂದೆ. ಎಲ್ಲರೂ ನಕ್ಕರು. ಪಾದ್ರಿಯ ಮುಖ ಸಪ್ಪಗಾಯಿತು. ಪಾದ್ರಿಯ ಕೆಲಸಕ್ಕೆ ಬಂದಮೇಲೆ ಸ್ವಲ್ಪ ಚರ್ಮ ದಪ್ಪ ಇರಬೇಕಪ್ಪ.

ತಮ್ಮ ಹೊರಗೆ ಸೈಕಲ್ಲಿನ ಪಕ್ಕ ನಿಂತಿದ್ದ. ಕಿಟಕಿ ತೆರೆದಿತ್ತು. ಮನೆಯ ತನಕ ಸೈಕಲ್ಲು ತಳ್ಳಿಕೊಂಡು ನನ್ನ ಹಿಂದೆ ಬಂದ. ನಾನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆಗಸ್ಟ್ ೭, ಗುರುವಾರ

ಪಾದ್ರಿ ಸೋತರೂ ಬಿಡುವ ಆಸಾಮಿಯಲ್ಲ. ಕುಡಿತದ ಬಗ್ಗೆ ಬೈಬಲ್ ಏನು ಹೇಳುತ್ತದೆ ಎಂದು ಗುರುವಾರಗಳಲ್ಲಿ ಅಧ್ಯಯನ ಶುರು ಮಾಡಿದ್ದಾನೆ. ಜನ ತುಂಬಿದ್ದರು. ಪ್ರಾರ್ಥನೆಯ ಬಗ್ಗೆ ಮಾಡಿದಾಗ ನಾಲ್ಕು ಜನ ಇದ್ದರು. ಕುಡಿತ ಎಂದರೆ ಕುಡಿಯುವವರಿಗೂ ಆಸಕ್ತಿ, ಕುಡಿಯದವರಿಗೆ ಇನ್ನೂ ಆಸಕ್ತಿ.

ನಾನು ಮನೆಯಲ್ಲೇ ಓದಿಕೊಂಡು ಹೋಗಿದ್ದೆ. "ಕುಡಿಯಬಾರದು" ಎಂದು ಒಂದು ಕಡೆ, ಒಂದೇ ಒಂದು ಕಡೆ, ನೆಟ್ಟಗೆ ಬರೆದಿದ್ದರೆ ಅದನ್ನು ದೊಡ್ಡಕ್ಷರದಲ್ಲಿ ಬರೆಸಿ ತಮ್ಮನ ಮಂಚದ ಎದುರಿಗೆ ಅಂಟಿಸಬೇಕೆಂದಿದ್ದೆ. ಸಿಗಲಿಲ್ಲ. ನೋಹ ಜಲಪ್ರಳಯ ಮುಗಿಸಿ ದ್ರಾಕ್ಷಿತೋಟ ಮಾಡಿ, ಕುಡಿದು, ಡೇರೆಯಲ್ಲಿ ಬೆತ್ತಲೆ ಬಿದ್ದುಕೊಂಡ. ಇವನನ್ನು ನಂಬಿ ಇಡೀ ಜಗತ್ತಿನ ಪ್ರಾಣಿಗಳನ್ನು ಒಪ್ಪಿಸಿದ್ದರು! ಕುಡಿದು ಮೈಮರೆತ ಲೋಟನ ಕಥೆಯಂತೂ ಹೆಣ್ಣುಮಕ್ಕಳ ಎದುರಿಗೆ ಓದುವ ಹಾಗಿಲ್ಲ. ಒಂದು ಕಡೆ ದ್ರಾಕ್ಷಾರಸ ಹಾವಿನ ಹಾಗೆ ಕಚ್ಚುತ್ತದೆ ಅನ್ನುತ್ತಾರೆ, ಇನ್ನೊಂದು ಕಡೆ ಮನುಷ್ಯನ ಹೃದಯಕ್ಕೆ ಆನಂದ ಅನ್ನುತ್ತಾರೆ. ಪೌಲನು ತಿಮೊಥೆಯನಿಗೆ ಹೊಟ್ಟೆನೋವಿಗೆ ಸ್ವಲ್ಪ ತೆಗೆದುಕೋ ಎಂದು ಬರೆದಿದ್ದಾನೆ. ನನ್ನ ತಮ್ಮನೂ ಶುರು ಮಾಡಿದ್ದು ಹೊಟ್ಟೆನೋವಿಗೇ. ಆ ಹೊಟ್ಟೆನೋವು ಇಪ್ಪತ್ತು ವರ್ಷ ಇತ್ತು.

ಹೆಡ್‌ಮಾಸ್ಟರು ಎದ್ದು ನಿಂತರು. "ಬೈಬಲ್ ಖಂಡಿಸೋದು ಕುಡುಕತನವನ್ನ. ದ್ರಾಕ್ಷಾರಸವನ್ನಲ್ಲ. ಅದು ದೇವರ ಕೊಡುಗೆ. ಕಾನಾ ಊರಿನ ಮದುವೇಲಿ ಕರ್ತನು ಕಲ್ಲಿನ ಬಾನಿಗಳ ನೀರನ್ನ ಏನು ಮಾಡಿದ? ಪಾನಕ ಮಾಡಿದ್ನಾ?"

ಚಪ್ಪಾಳೆ ಒಂದು ಬಾಕಿ. ಗಂಡಸರಿಗೆ ಇಡೀ ಬೈಬಲಿನಲ್ಲಿ ಬಾಯಿಪಾಠ ಬರುವುದು ಆ ಒಂದು ಮದುವೆ.

ಆಗಸ್ಟ್ ೧೪, ಗುರುವಾರ

ಇವತ್ತು ಪಾದ್ರಿ ಬುದ್ಧಿಯಿಲ್ಲದೆ ಕೊನೆಯ ಬೆಂಚಿನತ್ತ ತಿರುಗಿ, "ಅಣ್ಣ, ನಿಮಗೇನನ್ನಿಸುತ್ತೆ? ಬೈಬಲ್ ಏನು ಹೇಳುತ್ತೆ?" ಎಂದು ತಮ್ಮನನ್ನೇ ಕೇಳಿಬಿಟ್ಟ.

ತಮ್ಮ ಎದ್ದು ನಿಂತ. ಶಾಲೆಯಲ್ಲಿ ಪಾಠ ಒಪ್ಪಿಸಲು ಬಾರದೆ ನಿಲ್ಲುತ್ತಿದ್ದನಲ್ಲ, ಹಾಗೇ.

"ಬೈಬಲ್ ಏನು ಹೇಳುತ್ತೋ ಅಷ್ಟು ಓದಿಲ್ಲ ಅಯ್ಯನವರೇ. ಒಂದು ಗುಟುಕು ಏನು ಹೇಳುತ್ತೆ ಅಂತ ಗೊತ್ತು. ಇನ್ನೊಂದು ಅನ್ನುತ್ತೆ. ಅದು ದೇವರ ಮನೇಲಿ ಬೇರೆ, ಬಾರಲ್ಲಿ ಬೇರೆ ಅಂತ ಹೇಳೋದಿಲ್ಲ."

ಯಾರೋ ಕಿಸಕ್ಕನೆ ನಕ್ಕರು. ಗಾಯನಮಂಡಳಿಯ ದಪ್ಪಮ್ಮ. ಸ್ವರ ಒಂದು ಕಡೆ, ಬಾಯಿ ಒಂದು ಕಡೆ ಹೋಗುವ ಹೆಂಗಸು. ಅವಳ ಗಂಡನ ಅಂಗಿಗಳನ್ನು ತೊಳೆಯುವವಳು ನಾನು. ಬಾಯಿ ತೆರೆದರೆ ನಾನೂ ಬೇಕಾದಷ್ಟು ಹೇಳಬಲ್ಲೆ. ಮಗ್ಗಿ ಒಪ್ಪಿಸುವ ಹುಡುಗನನ್ನು ನೋಡಿ ನಕ್ಕಹಾಗೆ ನಗುತ್ತಾಳಲ್ಲ! ಅವಳ ಬೆಡ್‌ಶೀಟುಗಳು ಮುಂದಿನ ವಾರ ಸಿಗುತ್ತವೆ, ಈ ವಾರವಲ್ಲ.

ಆಗಸ್ಟ್ ೧೯, ಮಂಗಳವಾರ

ಮಧ್ಯಾಹ್ನ ಹೋಟೆಲಿಗೆ ಮೇಜುಬಟ್ಟೆ ಕೊಟ್ಟು ಬಂದೆ. ಅಂಗಡಿಯಲ್ಲಿ ಇವನಿಲ್ಲ. ಇಸ್ತ್ರಿ ಪೆಟ್ಟಿಗೆ ಆರಿಸಿತ್ತು. ಮೇಲೆ ಹೋದರೆ ಅಡುಗೆಮನೆಯ ನೆಲದಲ್ಲಿ ಬೀರುವಿಗೆ ಎದುರಾಗಿ ಕೂತಿದ್ದಾನೆ. ಪಕ್ಕದಲ್ಲಿ ಸುತ್ತಿಗೆ. ಬೀಗ ಹಾಗೇ ಇತ್ತು.

"ಏನೋ ಇದು?"

"ಬೀಗ ಹಾಕಿದ್ರೂ ವಾಸನೆ ಬರುತ್ತೆ ಅಕ್ಕ. ಮುರಿಯೋಣ ಅಂತ ಸುತ್ತಿಗೆ ತಂದೆ. ಆಮೇಲೆ, ನೀನು ಬರೋ ತನಕ ಕೂತಿರೋಣ ಅಂತ ಕೂತೆ."

"ಎಷ್ಟು ಹೊತ್ತಿನಿಂದ?"

"ನೀನು ಹೋದಾಗಿನಿಂದ."

ಬೆವರಿಗೆ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಸುತ್ತಿಗೆ ಬಿದ್ದು ನೆಲದ ಟೈಲು ಒಡೆದಿದ್ದರೆ ಏನು ಗತಿ ಎಂದು ಬಾಯಿಗೆ ಬಂದಂತೆ ಬೈದೆ. ಬೈದು ಮುಗಿಸಿ ಚಹಾ ಮಾಡಿದೆ. ಎಷ್ಟು ಚಮಚ ಹಾಕಿದೆನೋ ನೆನಪಿಲ್ಲ, ಅವನು ಸಿಹಿ ಜಾಸ್ತಿ ಅಂದ. ಅವನೇ ಅಂದ.

ಆಗಸ್ಟ್ ೨೦, ಬುಧವಾರ

ಜಾಡಿಗಳನ್ನೆಲ್ಲ ತಳ್ಳುಗಾಡಿಯಲ್ಲಿಟ್ಟು ಚರ್ಚಿನ ಉಗ್ರಾಣಕ್ಕೆ ಸಾಗಿಸಿದೆ. ಮನೆಯಲ್ಲಿದ್ದರೆ ಒಗೆದ ಬಟ್ಟೆಗೆ ವಾಸನೆ ಹತ್ತುತ್ತದೆ. ಗಿರಾಕಿಗಳು ದೂರುತ್ತಾರೆ. ಇಲ್ಲಿಯ ತನಕ ಯಾರೂ ದೂರಿಲ್ಲ, ಆದರೆ ದೂರಬಹುದು.

ಆಗಸ್ಟ್ ೨೮, ಗುರುವಾರ

ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯಿಂದ ಪಾದ್ರಿ ಒಂದು ಮಾತು ಓದಿದ. ತಿನ್ನುವುದರಿಂದಲೋ ದ್ರಾಕ್ಷಾರಸ ಕುಡಿಯುವುದರಿಂದಲೋ ಸಹೋದರನು ಎಡವುವುದಾದರೆ ಅದನ್ನು ಬಿಡುವುದೇ ಒಳ್ಳೆಯದಂತೆ. ಓದುತ್ತಾ ನನ್ನ ಕಡೆ ನೋಡಿದ, ಬಡವ.

ಪೌಲನಿಗೆ ಒಡಹುಟ್ಟಿದ ತಮ್ಮಂದಿರಿರಲಿಲ್ಲ ಎಂದು ಕಾಣುತ್ತದೆ. ಇದ್ದಿದ್ದರೆ ಇಷ್ಟು ಸಲೀಸಾಗಿ ಬರೆಯುತ್ತಿರಲಿಲ್ಲ. ಎಡವುವವನು ಕಣ್ಣು ಬಿಟ್ಟು ನಡೆಯಬೇಕು, ಊರಿನ ಕಲ್ಲನ್ನೆಲ್ಲ ನಾವು ಎತ್ತಿಡುತ್ತಾ ಹೋಗಬೇಕೆ?

ಮನೆಗೆ ಬಂದು ಅದನ್ನೇ ಮತ್ತೆ ಓದಿದೆ, ಎಲ್ಲಾದರೂ ಬೇರೆ ಅರ್ಥ ಬರುತ್ತದೋ ಎಂದು. ಬರಲಿಲ್ಲ. ಸಿಟ್ಟು ಬಂತು.

ಸೆಪ್ಟೆಂಬರ್ ೧, ಸೋಮವಾರ

ಬರುವ ಭಾನುವಾರ ತಮ್ಮನ ದಿನ. ತಪ್ಪೊಪ್ಪಿಕೊಂಡು ಪಾತ್ರೆಯಿಂದ ಕುಡಿಯುತ್ತೇನೆ ಎಂದು ಹೆಡ್‌ಮಾಸ್ಟರಿಗೆ ಹೇಳಿ ಬಂದಿದ್ದಾನೆ. ಅವರು ಬೆನ್ನು ತಟ್ಟಿ, "ಗಂಡಸು ಅಂದ್ರೆ ಹೀಗಿರ್ಬೇಕು" ಅಂದರಂತೆ.

ಊಟದ ಹೊತ್ತಿನಲ್ಲಿ ತಟ್ಟೆ ನೋಡಿಕೊಂಡೇ ಹೇಳಿದ. "ಅಕ್ಕ, ಕುಡಿದ ಕೂಡಲೆ ನಾನು ಹಿಂದಿನ ಬಾಗಿಲಿಂದ ಮನೆಗೆ ಬರ್ತೀನಿ. ನೀನೂ ಬಂದ್ಬಿಡು. ಕೋಣೇಲಿ ಹಾಕಿ ಹೊರಗಿಂದ ಬೀಗ ಹಾಕು. ನಾನೇನು ಬೇಡ್ಕೊಂಡ್ರೂ, ಏನು ಬೈದ್ರೂ, ತೆಗೀಬೇಡ. ಮದುವೆ ದಿನ ಬೆಳಗ್ಗೆ ತೆಗಿ."

"ಎರಡು ವಾರ ನಿನ್ನ ಇಸ್ತ್ರಿ ಕೆಲಸ ಯಾರು ಮಾಡ್ತಾರೆ, ನಮ್ಮ ತಾತನಾ?" ಎಂದೆ.

ಅವನು ನಗಲಿಲ್ಲ. ಭಯಪಟ್ಟಿದ್ದಾನೆ. ಇವನು ಭಯಪಟ್ಟದ್ದನ್ನು ನಾನು ನೋಡಿದ್ದೇ ಕಡಿಮೆ. ಕುಡಿದವನಿಗೆ ಭಯ ಎಲ್ಲಿಯದು.

ಸೆಪ್ಟೆಂಬರ್ ೪, ಗುರುವಾರ

ಉಗ್ರಾಣಕ್ಕೆ ಹೋಗಿ ಜಾಡಿಗಳನ್ನು ಮೂಸಿ ನೋಡಿದೆ. ಏನೋ ಮುಗ್ಗಲು ವಾಸನೆ. ಇರಬೇಕು, ಉಗ್ರಾಣದಲ್ಲಿ ಗಾಳಿ ಆಡುವುದಿಲ್ಲ. ಕೆಟ್ಟದ್ದನ್ನು ದೇವರ ಮೇಜಿಗೆ ಇಡಲಾಗುತ್ತದೆಯೆ? ಎಲ್ಲವನ್ನೂ ಚರ್ಚಿನ ಹಿಂದಿನ ಮೋರಿಗೆ ಸುರಿದು ನೀರು ಹೊಡೆದೆ. ಒಂದು ವರ್ಷದ ಕೆಲಸ. ಬೇಜಾರೇನೂ ಆಗಲಿಲ್ಲ, ಆಗಬೇಕಿತ್ತು.

ಹೊಸದಾಗಿ ಹುಳಿಸಲು ದಿನವಿಲ್ಲ. ಹಾಗಾಗಿ ದ್ರಾಕ್ಷಿ ತಂದು ಕುದಿಸಿ ರಸ ತೆಗೆದೆ. ಬರೀ ಸಿಹಿ, ಮಕ್ಕಳ ಔಷಧಿಯ ಹಾಗೆ. ಒಗರಿಗೆ ಕಡು ಚಹಾದ ಡಿಕಾಕ್ಷನ್ ಹಾಕಿದೆ. ಗಂಟಲಿಗೆ ಸ್ವಲ್ಪ ಸುಡಲಿ ಎಂದು ಶುಂಠಿ ಜಜ್ಜಿ ಹಾಕಿ ಸೋಸಿದೆ. ಬಣ್ಣ ಅದೇ. ಈ ಜನಕ್ಕೆ ಇಷ್ಟು ಸಾಕು. ಕಣ್ಣು ಮುಚ್ಚಿ ಭಕ್ತಿಯಿಂದ ನುಂಗುವವರಿಗೆ ನಾಲಗೆ ಎಲ್ಲಿರುತ್ತದೆ?

ಬೈಬಲಿನಲ್ಲಿ ನೋಡಿದೆ. ಕಡೆಯ ಭೋಜನದ ಮಾತಿನಲ್ಲಿ "ಪಾತ್ರೆ" ಎಂದಿದೆ, ದ್ರಾಕ್ಷಿಯ ಫಲ ಎಂದಿದೆ. ಎಷ್ಟು ದಿನ ಹುಳಿಸಬೇಕು ಎಂದು ಎಲ್ಲೂ ಬರೆದಿಲ್ಲ. ಹೆಡ್‌ಮಾಸ್ಟರು ತೋರಿಸಲಿ ನೋಡೋಣ. ಇಷ್ಟು ಸಣ್ಣ ವಿಷಯಕ್ಕೆ ಜುಲೈಯಲ್ಲಿ ಅಷ್ಟು ದೊಡ್ಡ ಸಭೆ ಸೇರಿಸಿ ಗಲಾಟೆ ಎಬ್ಬಿಸಿದರಲ್ಲ, ಮಾಡಲು ಬೇರೆ ಕೆಲಸವಿಲ್ಲದವರು.

ತಮ್ಮನಿಗೆ ಹೇಳಿಲ್ಲ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

ಸೆಪ್ಟೆಂಬರ್ ೭, ಭಾನುವಾರ

ಚರ್ಚು ಕಿಕ್ಕಿರಿದಿತ್ತು. ಒಬ್ಬ ಮನುಷ್ಯ ತಲೆ ತಗ್ಗಿಸುವುದನ್ನು ನೋಡಲು ಜನ ಎಷ್ಟು ಬೇಗ ಸ್ನಾನ ಮಾಡಿ ಬರುತ್ತಾರೆ! ಮಗಳು ಎರಡನೇ ಬೆಂಚಿನಲ್ಲಿದ್ದಳು. ಅವಳ ಪಕ್ಕದಲ್ಲಿ ಹುಡುಗ, ಹುಡುಗನ ಮನೆಯವರು.

ತಮ್ಮ ತಪ್ಪೊಪ್ಪಿಕೊಂಡ. ಚಿಕ್ಕದಾಗಿ ಹೇಳಿದ. "ನಾನು ಕುಡೀತಿದ್ದೆ. ನನ್ನ ಹೆಂಡತಿ, ಮಗಳು, ಅಕ್ಕ, ಈ ಸಭೆ, ಎಲ್ಲರಿಗೂ ನೋವು ಕೊಟ್ಟೆ. ಕ್ಷಮಿಸಿ." ಆಮೇಲೆ ಮಂಡಿಯೂರಿದ. ಹೆಡ್‌ಮಾಸ್ಟರು ಅವನ ಪಕ್ಕದಲ್ಲೇ ಸಾಕ್ಷಿಯಾಗಿ ನಿಂತಿದ್ದರು. ಪಾದ್ರಿ ಪಾತ್ರೆಯನ್ನು ಅವನ ತುಟಿಯ ಹತ್ತಿರ ತಂದ.

ತಮ್ಮನ ಕತ್ತಿನ ನರ ಉಬ್ಬಿದ್ದು ನನಗೆ ಬೆಂಚಿನಿಂದಲೇ ಕಾಣುತ್ತಿತ್ತು. ಅವನು ಮೊದಲು ಉಸಿರು ಎಳೆದುಕೊಂಡ. ಹಾಗೇ ತಡೆದುಬಿಟ್ಟ. ಇನ್ನೊಮ್ಮೆ ಉಸಿರೆಳೆದ. ತಲೆ ತಿರುಗಿಸಿ ಜನರ ನಡುವೆ ನನ್ನನ್ನು ಹುಡುಕಿದ. ನಾನು ಹಾಡಿನ ಪುಸ್ತಕ ನೋಡುತ್ತಿದ್ದೆ. ತಲೆಕೆಳಗಾಗಿ ಹಿಡಿದಿದ್ದೆನಂತೆ, ಪಕ್ಕದವಳು ಆಮೇಲೆ ಹೇಳಿದಳು.

ಅವನು ಕುಡಿದ. ಒಂದು ಗುಟುಕಲ್ಲ, ಎರಡು.

ಹಿಂದಿನ ಬಾಗಿಲಿಂದ ಓಡಲಿಲ್ಲ. ಮಗಳ ಪಕ್ಕ ಹೋಗಿ ಕೂತ. ಮಧ್ಯಾಹ್ನ ಪಾತ್ರೆ ಒರೆಸಿದ ಬಟ್ಟೆಗಳನ್ನು ನೆನೆಸುವಾಗ ನನ್ನ ಹತ್ತಿರ ಬಂದು ನಿಂತ.

"ಅಕ್ಕ, ಶುಂಠಿ ಸ್ವಲ್ಪ ಜಾಸ್ತಿ ಆಯ್ತು."

"ಕುಡುಕರಿಗೆ ನಾಲಗೆ ಉದ್ದ," ಎಂದೆ.

ಬಟ್ಟೆ ಹಿಂಡುವುದಕ್ಕೆ ಕೈ ಹಾಕಿದ. ಇಬ್ಬರೂ ಒಂದೊಂದು ತುದಿ ಹಿಡಿದು ಹಿಂಡಿದೆವು. ಅವನ ಕಣ್ಣಲ್ಲಿ ನೀರು ಬಂದಿತ್ತು. ಸೋಡಾ ಪುಡಿ ಹಾರಿರಬೇಕು, ನನಗೂ ಉರಿಯಿತು.

ಸೆಪ್ಟೆಂಬರ್ ೮, ಸೋಮವಾರ

ಅಂಗಡಿ ತೆರೆದು ಉಗಿ ಮಿಷನ್ನು ಇನ್ನೂ ಕಾದಿರಲಿಲ್ಲ, ಹೆಡ್‌ಮಾಸ್ಟರು ಬಂದರು. ಕೈಯಲ್ಲಿ ತೊಳೆಯಲು ಕೊಡುವ ಬಟ್ಟೆಯಿರಲಿಲ್ಲ. ಕಾಲರ್ ಬಿರುಸು, ಮುಖ ಮಾತ್ರ ಹಿಂಡಿ ಒಣಗಿಸಿದ ಹಾಗಿತ್ತು.

"ಏನಮ್ಮ ಇದು? ನಿನ್ನೆಯ ರಸದಲ್ಲಿ ಕಸುವೇ ಇರಲಿಲ್ಲ."

"ಕಸುವು ಅಂದ್ರೆ, ಸಾರ್?"

"ಕಸುವು ಅಂದ್ರೆ ಕಸುವು! ಒಳಗಿಳಿದ್ರೆ ಗೊತ್ತಾಗ್ಬೇಕು. ಉಳಿದದ್ದನ್ನ ಪೂರ್ತಿ ಕುಡಿದೆ, ಪೂರ್ತಿ. ಏನೂ ಆಗಲಿಲ್ಲ. ನೀರು ಕುಡಿದ ಹಾಗೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ ನನಗೆ. ನೀನು ಏನು ತುಂಬಿ ಕಳಿಸಿದೆ ಅಂತ ನಾನು ಸಭೇಲಿ ಕೇಳ್ತೀನಿ. ಅದು ರಸವೇ ಅಲ್ಲ ಅಂದ್ಮೇಲೆ ನಿನ್ನ ತಮ್ಮ ಒಳಗೆ ಬಂದದ್ದೂ ಲೆಕ್ಕಕ್ಕಿಲ್ಲ!"

ಮದುವೆ ಹೋಯಿತು, ತಮ್ಮನೂ ಹೋದ ಎಂದುಕೊಂಡೆ. ಆಮೇಲೆ ಅವರ ಕೈ ನೋಡಿದೆ. ಕೌಂಟರಿನ ಮೇಲೆ ಇಟ್ಟುಕೊಂಡಿದ್ದರು. ಬೆರಳುಗಳು ಕುಣಿಯುತ್ತಿದ್ದವು. ಆ ಕುಣಿತ ನಾನು ಜೂನ್‌ನಿಂದ ದಿನಾ ಬೆಳಗ್ಗೆ ನೋಡುತ್ತಿರುವುದು. ತಿಂಗಳಿಗೊಂದು ಪಾತ್ರೆಯಿಂದ ಬರುವಂಥದ್ದಲ್ಲ.

"ಸಾರ್," ಎಂದೆ, "ನಿನ್ನೆ ಇಡೀ ಸಭೆ ಕುಡೀತು. ಪಾದ್ರಿ ಕುಡಿದ್ರು, ಗಾಯನದವರು ಕುಡಿದ್ರು. ಒಬ್ಬರಿಗೂ ಏನೂ ಗೊತ್ತಾಗಲಿಲ್ಲ. ಕಸುವಿರಲಿಲ್ಲ ಅಂತ ನಿಮಗೊಬ್ಬರಿಗೇ ಹೇಗೆ ಗೊತ್ತಾಯ್ತು?"

ಅವರು ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡರು. ಆ ಮುಖವನ್ನು ನೋಡಿ ನನಗೆ ಆದ ಖುಷಿ ಹೇಳತೀರದು. ನನ್ನ ತಮ್ಮನನ್ನು ಕೊನೆಯ ಬೆಂಚಿನಲ್ಲಿ ಕೂರಿಸಿದ ಮುಖ ಅದು.

ಇಸ್ತ್ರಿ ಮೇಜಿನ ಹಿಂದಿನಿಂದ ತಮ್ಮ ಎಲ್ಲ ಕೇಳಿಸಿಕೊಂಡಿದ್ದ. ಒಂದು ಸ್ಟೂಲು ತಂದು ಅವರ ಹತ್ತಿರ ಇಟ್ಟ. "ಕೂತ್ಕೊಳ್ಳಿ ಸಾರ್. ಈ ಹೊತ್ತಲ್ಲೇ ಜಾಸ್ತಿ ಅಲ್ವಾ? ಚಹಾ ತರ್ತೀನಿ, ಸಕ್ಕರೆ ಜಾಸ್ತಿ ಹಾಕಿ."

ಹೆಡ್‌ಮಾಸ್ಟರು ಕೂರಲಿಲ್ಲ. ಬಾಗಿಲು ತಳ್ಳಿಕೊಂಡು ಹೋದರು.

"ಅವರಿಗೇಕೋ ಸ್ಟೂಲು?" ಎಂದು ತಮ್ಮನಿಗೆ ಬೈದೆ.

"ನಿಂತಿರೋದು ಕಷ್ಟ ಅಕ್ಕ," ಎಂದ.

ಸೆಪ್ಟೆಂಬರ್ ೧೨, ಶುಕ್ರವಾರ

ಹೆಡ್‌ಮಾಸ್ಟರು ಸಭೆಯಲ್ಲಿ ಬಾಯಿ ಬಿಟ್ಟರೆ ಏನು ಹೇಳಬೇಕೆಂದು ಮಾತು ಮಸೆದಿಟ್ಟುಕೊಂಡಿದ್ದೇನೆ. ಇಸ್ತ್ರಿ ಮಾಡುತ್ತಾ ಮಾಡುತ್ತಾ ಅಭ್ಯಾಸವೂ ಆಗಿದೆ. ಇಡೀ ಚರ್ಚಿನ ಮುಂದೆ, ಒಂದೊಂದು ಮಾತೂ ನೆಟ್ಟಗೆ. ಅವರ ಬಿರುಸು ಕಾಲರ್ ಮುದುರಿ ಹೋಗಬೇಕು.

ಅವರು ನಿನ್ನೆಯ ಅಧ್ಯಯನಕ್ಕೆ ಬರಲಿಲ್ಲ. ಕಾಯಿಲೆಯಂತೆ. ದಪ್ಪಮ್ಮ ನನ್ನನ್ನು ಹಿಡಿದು ನಿಲ್ಲಿಸಿ, ಹೆಡ್‌ಮಾಸ್ಟರಿಗೆ ಏನಾಗಿದೆ, ನಿನ್ನ ಅಂಗಡಿಯಿಂದ ಓಡಿ ಬಂದರಂತಲ್ಲ ಎಂದು ಬಗೆದು ಬಗೆದು ಕೇಳಿದಳು.

"ವಾತದ ನೋವು," ಎಂದೆ. ಬಾಯಿಗೆ ಅದೇ ಬಂತು. ಅವಳಿಗೆ ಹೇಳಿದರೆ ಮಸೆದಿಟ್ಟ ಮಾತೆಲ್ಲ ಹಾಳು, ಅದಕ್ಕೆ.

ಸೆಪ್ಟೆಂಬರ್ ೨೦, ಶನಿವಾರ

ಮದುವೆ ಆಯಿತು. ತಮ್ಮ ಮಗಳ ಕೈ ಹಿಡಿದು ಪೀಠದ ತನಕ ಹೋದ. ಅಂಗಿ ಅವನೇ ತೀಡಿಕೊಂಡದ್ದು, ಗೆರೆ ಎದ್ದು ಕಾಣುತ್ತಿತ್ತು. ಅವಳಮ್ಮ ಒಂದು ಸಲ ಇವನ ಕಡೆ ನೋಡಿದಳು, ಅಷ್ಟೇ. ಅಷ್ಟಾದರೂ ನೋಡಿದಳು.

ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು ಬಂದವರ ಕೈ ಕುಲುಕುತ್ತಿದ್ದರು. ಹನ್ನೆರಡು ದಿನದಲ್ಲಿ ಹನ್ನೆರಡು ವರ್ಷ ಮುದುಕರಾಗಿದ್ದರು. ತಮ್ಮ ಅವರ ಕೈಯನ್ನು ಹಿಡಿದವನು ಬೇಗ ಬಿಡಲಿಲ್ಲ. ನಡುಕ ನಿಲ್ಲುವ ತನಕ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ನೋಡಿದವರು ತಂದೆಯ ಸಂಭ್ರಮ ಎಂದುಕೊಂಡಿರಬೇಕು. ಅವರು ಸಭೆಗೆ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಮಸೆದಿಟ್ಟ ಮಾತೆಲ್ಲ ದಂಡವಾಯಿತು.

ಪಾದ್ರಿ ಬಂದು ಮುಂದಿನ ತಿಂಗಳ ರಸದ ಬಗ್ಗೆ ಕೇಳಿದ. ಈ ವರ್ಷದ ದ್ರಾಕ್ಷಿ ಹುಳಿಸುವುದಕ್ಕೆ ಲಾಯಕ್ಕಿಲ್ಲ, ಕುದಿಸಿಯೇ ಕೊಡುವುದು, ಮುಂದಿನ ವರ್ಷದ್ದೂ ಹಾಗೇ ಇರುವಂತಿದೆ ಎಂದೆ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಈಗಿನ ಹುಡುಗರಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕು.

ಸೆಪ್ಟೆಂಬರ್ ೨೪, ಬುಧವಾರ

ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಒಂದು ಅಂಗಿ. ಒಗೆದು, ಇಸ್ತ್ರಿ ಮಾಡಿದ ಅಂಗಿ.

"ಇದಕ್ಕೇನು ಮಾಡ್ಬೇಕು ಸಾರ್?" ಎಂದೆ.

ಅವರು ಅಂಗಿಯನ್ನು ನೋಡಿದರು, ನನ್ನನ್ನು ನೋಡಿದರು. "ಅವನು ಇದ್ದಾನಾ?" ಎಂದರು. ಪಾಠ ಹೇಳುವ ದನಿಯೇ ಇರಲಿಲ್ಲ.

"ಒಳಗಿದ್ದಾನೆ."

ಬಟ್ಟೆಯ ರಾಶಿಗಳ ನಡುವೆ ಹಿಂದಕ್ಕೆ ಹೋದರು. ತಮ್ಮ ಸ್ಟೂಲು ಎಳೆದ ಸದ್ದು ಕೇಳಿಸಿತು. ಆಮೇಲೆ ಅಷ್ಟು ದೊಡ್ಡ ಮನುಷ್ಯ, ಊರಿಗೆಲ್ಲ ಬುದ್ಧಿ ಹೇಳಿದವರು, ಬಿಕ್ಕಿ ಬಿಕ್ಕಿ ಅಳತೊಡಗಿದರು.

ಗಂಡಸರು ಅಳುವುದನ್ನು ಕೇಳುತ್ತಾ ಕೂರುವುದಕ್ಕೆ ನನಗೆ ಪುರಸೊತ್ತಿಲ್ಲ. ದಪ್ಪಮ್ಮ ತನ್ನ ಗಂಟು ಹೊತ್ತುಕೊಂಡು ಬರುವುದು ರಸ್ತೆಯಲ್ಲಿ ಕಾಣಿಸಿತು. ಬಾಗಿಲು ಎಳೆದುಕೊಂಡು, ಹೊರಗೆ ಕುರ್ಚಿ ಹಾಕಿಕೊಂಡು, ಅಡ್ಡಲಾಗಿ ಕೂತೆ. ಉಗಿ ಮಿಷನ್ನು ಕೆಟ್ಟಿದೆ, ಮಧ್ಯಾಹ್ನದ ಮೇಲೆ ಬಾ ಎಂದು ಅವಳನ್ನು ಸಾಗಹಾಕಿದೆ. ಅವಳ ಹಿಂದೆ ಬಂದವರನ್ನೂ ಸಾಗಹಾಕಿದೆ. ಬೆಳಗಿನ ಗಿರಾಕಿಗಳೆಲ್ಲ ಹಾಳು, ಈ ಕುಡುಕರಿಂದ.